ಬ್ಯಾನರಿನಲ್ಲಿ ವಿದೇಶಕ್ಕೆ ಹೋದ ಹುಡುಗಿ

ಪಾಸ್‌ಪೋರ್ಟ್ ಇಲ್ಲದೆ ಯಾರೂ ಈ ದೇಶದ ಗಡಿ ದಾಟುವಂತಿಲ್ಲ. ಕೊರಳಲ್ಲಿ ಎಷ್ಟೇ ಹಾರ ಇರಲಿ, ಹೆಗಲ ಮೇಲೆ ಎಂಥ ಶಾಲು ಇರಲಿ, ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತವನು ಕೇಳುವುದು ಆ ಸಣ್ಣ ನೀಲಿ ಪುಸ್ತಕವನ್ನೇ. ಇದನ್ನೂ ಬರೆದು ತಿಳಿಸಬೇಕೇನ್ರಿ ಅಂತ ನೀವು ಕೇಳಬಹುದು. ಬರೆಯಬೇಕಾಗಿದೆ. ಯಾಕೆಂದರೆ ನಮ್ಮ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ದೊಡ್ಡ ಮಂದಿ ಕೂಡಿ ಒಂದು ಹುಡುಗಿಯನ್ನು ಪಾಸ್‌ಪೋರ್ಟ್ ಇಲ್ಲದೆಯೇ ವಿದೇಶಕ್ಕೆ ಕಳಿಸಿಬಿಟ್ಟಿದ್ದಾರೆ. ಕಳಿಸಿದ್ದಕ್ಕೆ ಬ್ಯಾನರುಗಳು ಸಾಕ್ಷಿ. ಹುಡುಗಿ ಮಾತ್ರ ಇನ್ನೂ ಊರಲ್ಲೇ ಇದ್ದಾಳೆ.

ಅವಳ ಹೆಸರು ಪ್ರಜ್ಞಾ. ಝಳಕಿ ಹತ್ತಿರ, ಹೆದ್ದಾರಿಗೆ ಹತ್ತಿಕೊಂಡ ಒಂದು ಊರು. ಊರ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಅದಕ್ಕೂ ಒಂದು ಸತ್ಕಾರ ಇಟ್ಟುಕೊಳ್ಳುತ್ತೀರಿ. ಅಪ್ಪ ಧರ್ಮರಾಜನದು ರಸ್ತೆ ಬದಿಗೆ ಪಂಚರ್ ಅಂಗಡಿ. ಅವ್ವ ಸೀತವ್ವ ಊರ ಸಾಲಿಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಾಳೆ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನದೊಂದು ಫೋಟೊ, ಬಾಬಾಸಾಹೇಬರದೊಂದು ಫೋಟೊ, ಅವುಗಳ ಕೆಳಗೆ ಸಾಲಾಗಿ ಪ್ಲಾಸ್ಟಿಕ್ ಡಬ್ಬಿಗಳು. ಡಬ್ಬಿಗಳಲ್ಲಿ ಮಣ್ಣು.

ಮಣ್ಣು ಯಾಕೆಂದರೆ, ಪ್ರಜ್ಞಾ ವಿಜಯಪುರದ ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಿದ್ದದ್ದೇ ಮಣ್ಣನ್ನು. ಕಾಲುವೆ ನೀರು ಮಿತಿ ಮೀರಿ ಹರಿದು, ಉಪ್ಪು ಮೇಲೆದ್ದು, ಬೂದಿ ಚೆಲ್ಲಿದ ಹಾಗೆ ಬೆಳ್ಳಗಾಗುವ ಹೊಲ ಇರುತ್ತದಲ್ಲ, ನಾವು ಸವುಳು ಅಂತೀವಲ್ಲ, ಆ ನೆಲ ಅವಳ ವಿಷಯ. ಬಾಗೇವಾಡಿ, ಮುದ್ದೇಬಿಹಾಳದ ಕಡೆ ಬಸ್ಸಿನಲ್ಲಿ ಹೋಗಿ, ಯಾರದೋ ಬದುವಿನ ಮೇಲೆ ಕೂತು ಮಣ್ಣು ಅಗೆದು ಡಬ್ಬಿಗೆ ತುಂಬಿಕೊಂಡು ಬರುತ್ತಿದ್ದಳು. ಹಂಗೇರಿ ಅನ್ನುವ ದೇಶದಲ್ಲೂ ಇಂಥದೇ ನೆಲ ಬಹಳ ಇದೆಯಂತೆ. ಅದನ್ನು ಮತ್ತೆ ಬೆಳೆಗೆ ತರುವ ವಿದ್ಯೆ ಅವರಿಗೆ ಗೊತ್ತಂತೆ. ಅಲ್ಲಿನ ಒಂದು ವಿಶ್ವವಿದ್ಯಾಲಯ ಇವಳ ಅರ್ಜಿ ನೋಡಿ, ಫೆಬ್ರುವರಿಯಿಂದ ಒಂದು ಸೆಮಿಸ್ಟರ್ ಇಲ್ಲಿ ಬಂದು ಓದು, ಖರ್ಚು ನಮ್ಮದು ಎಂದಿತು. ಒಂದೇ ಷರತ್ತು. ಅವರು ಹೇಳಿದ ತಾರೀಕಿನೊಳಗೆ ಪಾಸ್‌ಪೋರ್ಟಿನ ಪ್ರತಿ ಕಳಿಸಬೇಕು. ನಮ್ಮ ಲೆಕ್ಕದಲ್ಲಿ ಆ ತಾರೀಕು ಎಳ್ಳ ಅಮಾವಾಸ್ಯೆಗೆ ಬೀಳುತ್ತಿತ್ತು. ತಪ್ಪಿದರೆ ಜಾಗ ಮುಂದಿನವರಿಗೆ.

ಸುದ್ದಿ ಬಂದದ್ದು ದೀಪಾವಳಿಗಿಂತ ಮುಂಚೆ. ಪಾಸ್‌ಪೋರ್ಟ್ ಮಾಡಿಸಲು ಅಷ್ಟು ದಿನ ಸಾಕಾಗಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಸಾಕಾಗಿತ್ತು.

ಅವಳು ತಯಾರಿ ಮಾಡಿದ್ದು ನೋಡಿದವರಿಗೆ ಗೊತ್ತು. ಯಾರ ಕೈಕಾಲನ್ನೂ ಹಿಡಿಯಲಿಲ್ಲ. ತಾನೇ ಅರ್ಜಿ ಹಾಕಿದಳು, ತಾನೇ ವಿಜಯಪುರಕ್ಕೆ ಹೋಗಿ ಸಾಲಿನಲ್ಲಿ ನಿಂತು ಫೋಟೊ, ಬೆರಳಚ್ಚು ಕೊಟ್ಟು ಬಂದಳು. ಇನ್ನು ಪೊಲೀಸರು ಮನೆಗೆ ಬಂದು, ಹೌದು, ಈ ಹುಡುಗಿ ಇಲ್ಲೇ ಇರುತ್ತಾಳೆ ಎಂದು ಬರೆದುಕೊಂಡು ಹೋಗುವುದೊಂದು ಬಾಕಿ. ಅದಾದರೆ ಪುಸ್ತಕ ಅಂಚೆಯಲ್ಲಿ ಬರುತ್ತದೆ.

ಅಷ್ಟರಲ್ಲಿ ಮನೆಯವರ ತಯಾರಿ. ಸೊಲ್ಲಾಪುರದಿಂದ ಒಂದು ಗಾಲಿ ಬ್ಯಾಗು ತಂದರು. ಧರ್ಮರಾಜ ಅದನ್ನು ತಲೆಕೆಳಗು ಮಾಡಿ ಗಾಲಿ ತಿರುಗಿಸಿ ನೋಡಿ, "ಇದು ಕಚ್ಚಾ ಮಾಲ ಐತಿ, ಅಲ್ಲೆ ಐಸಿನ ಮ್ಯಾಲೆ ಹೊಂಟಾಗ ಕೈ ಕೊಡತೈತಿ" ಎಂದು ನಾಲ್ಕೂ ಗಾಲಿ ಬಿಚ್ಚಿ ಗ್ರೀಸ್ ಹಚ್ಚಿ ಕೂಡಿಸಿದ. ಸೀತವ್ವ ಕಡಕ್ ರೊಟ್ಟಿ ಬಡಿದು, ಡಬ್ಬಿಯಲ್ಲಿ ಮುಚ್ಚಿಟ್ಟು, ಎಷ್ಟು ವಾರಕ್ಕೆ ಮುಗ್ಗು ವಾಸನೆ ಬರುತ್ತದೆ ಎಂದು ನೋಡುತ್ತಿದ್ದಳು. ಬಗಲಿನ ಮನೆಯ ಸೈದಾಬಿ ಸೀತವ್ವನ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊದೆಯುವ ಕೌದಿ ಹೊಲಿಯಲು ಕೂತಳು.

ಸೈದಾಬಿಯ ವಿಷಯ ಹೇಳಬೇಕು. ವಯಸ್ಸಾಗಿದೆ, ಒಬ್ಬಳೇ ಇರುತ್ತಾಳೆ, ಊರ ಮಂದಿಗೆ ಕೌದಿ ಹೊಲಿದು ಕೊಡುತ್ತಾಳೆ. ಸೀತವ್ವ ಅಡುಗೆ ಕೆಲಸಕ್ಕೆ ಹೋದಾಗ ಪ್ರಜ್ಞಾ ಬೆಳೆದದ್ದು ಈ ಮುದುಕಿಯ ಕಟ್ಟೆಯ ಮೇಲೆ. ಇವಳಿಗೆ ಅವಳು ಆಯಿ. ಲಿಂಬಿಹಣ್ಣಿನ ಚೀಲ ತೂಗುವ ಕೊಂಡಿ ತಕ್ಕಡಿ ತಂದು ಬ್ಯಾಗು ತೂಗಿ ನೋಡಿದರೆ ಕೌದಿಯದೇ ಭಾರ.

"ಆಯಿ, ಅಲ್ಲೆ ರಗ್ಗು ಅವರ ಕೊಡ್ತಾರಂತ."

"ಅವರ ರಗ್ಗನ್ಯಾಗ ನಿಮ್ಮವ್ವನ ಸೀರಿ ಇರತೈತೇನ?"

"ಇರೂದಿಲ್ಲ. ಆದರ ವಿಮಾನದವರು ಭಾರ ನೋಡ್ತಾರ."

ಸೈದಾಬಿ ಕೌದಿ ಬಿಚ್ಚಿ, ಒಳಗಿನ ಎರಡು ಪದರ ತೆಗೆದು, ಮತ್ತೆ ಮೊದಲಿನಿಂದ ಹೊಲಿಯಲು ಕೂತಳು.

ಇಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಆಮೇಲೆ ಪೇಪರಿನಲ್ಲಿ ಸುದ್ದಿ ಬಂತು. ಸುದ್ದಿ ಬಂದ ಮೇಲೆ ಶಂಕ್ರೆಪ್ಪನವರು ಬಂದರು.

ಶಂಕ್ರೆಪ್ಪನವರು ಏನು ಕೆಲಸ ಮಾಡುತ್ತಾರೆ ಎಂದು ಕೇಳಬೇಡಿ. ಒಂದು ವೇದಿಕೆಯ ಅಧ್ಯಕ್ಷರು. ನಿಮ್ಮ ಊರಲ್ಲೂ ಒಬ್ಬರು ಇದ್ದಾರೆ, ಹೆಸರು ಬೇರೆ ಇರಬಹುದು. ಯಾರ ಮಗುವಿಗೆ ಹೆಚ್ಚು ಅಂಕ ಬಂದರೂ, ಯಾರಿಗೆ ನೌಕರಿ ಸಿಕ್ಕರೂ, ಅವರ ಬಗಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದೇ ಅವರ ಬೆಳೆ. ಮುಂದೆ ಜಿಲ್ಲಾ ಪಂಚಾಯ್ತಿ ಚುನಾವಣೆ ಬೇರೆ ಇದೆ. ಬೊಲೆರೊ ಗಾಡಿ ಪಂಚರ್ ಅಂಗಡಿಯ ಮುಂದೆ ನಿಂತಿತು. ಗಾಳಿ ಹಾಕಲಿಕ್ಕೆ ಬಂದರೆಂದು ಧರ್ಮರಾಜ ಪೈಪು ಹಿಡಿದು ಎದ್ದ.

"ಗಾಳಿ ಬ್ಯಾಡೋ ಧರ್ಮಾ. ನಿನ್ನ ಮಗಳು ಇನ್ನ ನಿನ್ನ ಮಗಳಲ್ಲ. ಜಿಲ್ಲಾದ ಮಗಳು."

"ಹೌದ್ರಿ ಅಣ್ಣಾರ."

"ನಾಕೂ ತಾಲೂಕನ್ಯಾಗ ಸತ್ಕಾರ ಇಟ್ಟೇವಿ. ಗಾಡಿ ನಮ್ಮದು, ಊಟ ನಮ್ಮದು. ತಂಗಿ, ಏನಂತಿ?"

ಪ್ರಜ್ಞಾ ಅಂದಳು, "ಅಣ್ಣಾರ, ಪಾಸ್‌ಪೋರ್ಟಿಗೆ ಪೊಲೀಸರು ಬರೂದು ಉಳದೈತ್ರಿ. ಅವರು ಬಂದಾಗ ನಾ ಮನ್ಯಾಗ ಇರಬೇಕಂತ್ರಿ."

"ಠಾಣೆ ಅಂದ್ರ ನಮ್ಮ ಮನಿ ಇದ್ದಂಗ. ನಾ ಒಂದ ಫೋನ್ ಹಚ್ಚಿದ್ರ, ಯಾವಾಗ ಬರ್ಲಿರಿ ಅಂತ ಅವರ ನಿನ್ನ ಕೇಳ್ತಾರ. ಅದನ್ನ ನನಗ ಬಿಡು. ನೀ ಗಾಡಿ ಹತ್ತು."

ಗಾಡಿ ಹೋದ ಮೇಲೆ ಅವಳು ಅಪ್ಪನಿಗೆ ಅಂದಳು, ಇವೆಲ್ಲ ಬೇಡ, ಪಾಸ್‌ಪೋರ್ಟ್ ಬಂದ ಮೇಲೆ ನೋಡೋಣ. ಧರ್ಮರಾಜ ಟ್ಯೂಬಿಗೆ ಪ್ಯಾಚ್ ಹಚ್ಚುತ್ತ ಕೂತಿದ್ದ. ತಲೆ ಎತ್ತಲಿಲ್ಲ. "ಅಂಗಡಿ ಇರೂದು ರಸ್ತೆ ಜಾಗದಾಗ ಯವ್ವಾ. ಒಲ್ಲೆ ಅಂದ್ರ ನಾಳೆ ಎತ್ತಸ್ತಾರ."

ಸತ್ಕಾರಕ್ಕೆ ಒಪ್ಪಿಗೆ ಸಿಗುವುದು ಹೀಗೆ. ನೀವು ವೇದಿಕೆಯ ಕೆಳಗೆ ಕೂತು ಚಪ್ಪಾಳೆ ಹೊಡೆಯುವಾಗ ಇದು ಕಾಣುವುದಿಲ್ಲ.

ಮೊದಲು ಇಂಡಿ. ಅಲ್ಲಿ ಭಾಷಣಕಾರರೊಬ್ಬರು ಅವಳನ್ನು ಅಮೆರಿಕಕ್ಕೆ ಕಳಿಸಿದರು. ಆಮೇಲೆ ಸಿಂದಗಿ. ಅಲ್ಲಿ ಇನ್ನೊಬ್ಬರು ಡಾಕ್ಟರ್ ಮಾಡಿ, ವಾಪಸು ಬಂದು ಬಡವರಿಗೆ ಆಸ್ಪತ್ರೆ ಕಟ್ಟಿಸು ಎಂದು ಆಶೀರ್ವಾದ ಮಾಡಿದರು. ಮುಖ್ಯ ಅತಿಥಿ ಬರುವುದು ತಡವಾಗಿ, ಅವಳು ಶಾಲು ಹೊದ್ದು, ಪೇಟ ಸುತ್ತಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ ಮಧ್ಯಾಹ್ನವೆಲ್ಲ ಕೂತಳು. ಬಸವನ ಬಾಗೇವಾಡಿಯಲ್ಲಿ ಕಾರ್ಯಕ್ರಮ ಮುಗಿದು ಎಲ್ಲರೂ ಊಟದ ಕಡೆ ಓಡಿದಾಗ, ಮಸೂತಿ ಊರಿನ ಪರಶು ಅನ್ನುವ ಒಬ್ಬ ರೈತ ಕ್ಯಾರಿಬ್ಯಾಗಿನಲ್ಲಿ ಮಣ್ಣು ಹಿಡಿದುಕೊಂಡು ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದ.

"ತಂಗಿ, ಜ್ವಾಳ ಮೊಳಕಿ ಒಡದು ಹಂಗ ಸುಟ್ಟು ಹೊಕ್ಕಾವು. ಇದನ್ನೊಂದೀಟ ನೋಡ್ತಿ?"

ಅವಳು ಪೇಟ ತೆಗೆದಿಟ್ಟು, ಮಣ್ಣು ಅಂಗೈಗೆ ಹಾಕಿಕೊಂಡು, ನೀರು ಯಾವ ಕಡೆಯಿಂದ ಬರುತ್ತದೆ, ಹೊಲ ಇಳಿಜಾರಿದೆಯೋ ತಗ್ಗಿದೆಯೋ ಎಂದು ಕೇಳಿದಳು. ನಿಂತ ನೀರು ಹೊರಗೆ ಹೋಗಲು ಬಸಿಗಾಲುವೆ ತೆಗೆಯುವವರೆಗೆ ಗೊಬ್ಬರಕ್ಕೆ ದುಡ್ಡು ಸುರಿಯಬೇಡಿ ಎಂದಳು. ಪರಶು ಅವಳ ಫೋನ್ ನಂಬರು ಬರೆದುಕೊಂಡ. ಅಷ್ಟೂ ಸತ್ಕಾರಗಳಲ್ಲಿ ಅವಳ ಓದಿನ ಬಗ್ಗೆ ಕೇಳಿದ ಮನುಷ್ಯ ಇವನೊಬ್ಬನೇ. ಶಂಕ್ರೆಪ್ಪನವರು ದೂರದಿಂದ ಕರೆದರು, "ತಂಗಿ, ಮಣ್ಣ ಮುಟ್ಟಬ್ಯಾಡ, ಇನ್ನ ಫೋಟೊ ತಗಿಯೂದೈತಿ."

ಇದೇ ಹೊತ್ತಿಗೆ ಬ್ಯಾನರ್ ಎದ್ದವು. ನಾಲ್ಕೂ ತಾಲೂಕಿನಲ್ಲಿ, ಅವಳ ಊರಿನ ಬಸ್‌ಸ್ಟಾಪಿನ ಕಟ್ಟೆಯ ಮೇಲೂ. ಒಂದು ವಿಮಾನ, ವಿಮಾನದ ಕಿಟಕಿಯಲ್ಲಿ ಹೆಬ್ಬೆರಳಿನಷ್ಟು ಪ್ರಜ್ಞಾ, ವಿಮಾನಕ್ಕಿಂತ ದೊಡ್ಡವರಾಗಿ ಕೈ ಮುಗಿದು ನಿಂತ ಶಂಕ್ರೆಪ್ಪನವರು. ವಿದೇಶ ತಲುಪಿ ಜಿಲ್ಲೆಯ ಕೀರ್ತಿ ಬೆಳಗಿಸುತ್ತಿರುವ ಹೆಮ್ಮೆಯ ಪುತ್ರಿಗೆ ಅಭಿನಂದನೆ. ಪ್ರಜ್ಞಾ ಅದರ ಕೆಳಗೇ ಬಸ್ಸಿಗೆ ಕಾಯುತ್ತ ನಿಲ್ಲುತ್ತಿದ್ದಳು. ಇನ್ನೂ ಹೋಗಿಲ್ಲವಲ್ಲ ಅಣ್ಣಾ ಎಂದರೆ ಶಂಕ್ರೆಪ್ಪನವರು, "ಹೋಗ್ತಾಳ ಅಂದ್ರ ಯಾರ ಓದ್ತಾರ? ಹೋಗ್ಯಾಳ ಅಂದ್ರ ವಜನ ಬರತೈತಿ" ಎಂದರು. ಗೊತ್ತಿದ್ದೇ ಬರೆಸಿದ್ದು. ಇದನ್ನೂ ನೆನಪಿಟ್ಟುಕೊಳ್ಳಿ.

ಕೊನೆಗೆ ಮುದ್ದೇಬಿಹಾಳ. ಅಲ್ಲಿ ತಂದೆ ತಾಯಿಗೂ ಸತ್ಕಾರ ಎಂದರು. ಧರ್ಮರಾಜ ಅಂಗಡಿಗೆ ತಗಡಿನ ಪತ್ರಾಸು ಎಳೆದು ಮುಚ್ಚಿದ. ಸೀತವ್ವ ಸಾಲಿಗೆ ರಜೆ ಹೇಳಿದಳು. ಮನೆಗೆ ಕೀಲಿ ಬಿತ್ತು. ಬೆಳಿಗ್ಗೆ ಗಾಡಿ ಹತ್ತುವಾಗ ಪ್ರಜ್ಞಾ ಮತ್ತೆ ಕೇಳಿದಳು, ಠಾಣೆಗೆ ಫೋನ್ ಮಾಡಿದಿರಾ? ಮಾಡೇನಿ ಎಂದರು. ಮಾಡಿರಲಿಲ್ಲ. ವೇದಿಕೆಯ ಮೇಲೆ ಫೋನ್ ಹಿಡಿದು ಕೂತರೆ ಚೆಂದ ಕಾಣುವುದಿಲ್ಲ ಎಂದು ಅವಳ ಫೋನನ್ನೂ ಇಸಿದುಕೊಂಡು ಡ್ರೈವರನ ಕೈಗೆ ಕೊಟ್ಟರು.

ಅವತ್ತೇ ಪೇದೆ ಬಂದ. ಅನಿಲ ಅಂತ ಹೆಸರು, ಹೊಸ ಹುಡುಗ, ಸಾದಾ ಬಟ್ಟೆ, ಬೈಕಿನ ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಕಾಗದಪತ್ರ. ಮನೆಗೆ ಕೀಲಿ ನೋಡಿ ಅವಳ ನಂಬರಿಗೆ ಎರಡು ಸಲ ಫೋನ್ ಮಾಡಿದ. ಆ ಫೋನು ಮುದ್ದೇಬಿಹಾಳದಲ್ಲಿ ಬೊಲೆರೊದ ಡ್ಯಾಶ್‌ಬೋರ್ಡಿನ ಮೇಲೆ ಬಡಿದುಕೊಂಡು ಸುಮ್ಮನಾಯಿತು. ಬಗಲ ಮನೆಯ ಕಟ್ಟೆಯ ಮೇಲೆ ಸೈದಾಬಿ ಕೌದಿ ಹೊಲಿಯುತ್ತಿದ್ದಳು.

"ಪ್ರಜ್ಞಾ ಅನ್ನೂರ ಮನಿ ಇದ ಏನ್ರಿ?"

"ಮನಿ ಇದ. ಆಕಿ ಇಲ್ಲ."

"ಎಲ್ಲೆ ಹೋಗ್ಯಾರ?"

ಸೈದಾಬಿ ಅವನನ್ನು ನೋಡಿದಳು, ಅವನು ತಂದ ಚೀಲ ನೋಡಿದಳು. ಆ ತಿಂಗಳು ಆ ಬಾಗಿಲಿಗೆ ಚೀಲ ಹಿಡಿದು ಬಂದವರೆಲ್ಲ ಶಾಲು ತಂದವರೇ. ಯಾವ ಸಂಘವೋ, ಯಾವ ಬಳಗವೋ. ಹುಡುಗಿ ಉಣ್ಣಲಿಕ್ಕೂ ಪುರಸೊತ್ತಿಲ್ಲದೆ ಕರಗಿ ಹೋಗಿದ್ದಳು; ಹಿಂದಿನ ದಿನವಷ್ಟೇ ಆಯಿಯ ತೊಡೆಯ ಮೇಲೆ ತಲೆಯಿಟ್ಟು, ಇನ್ನು ಒಂದು ಶಾಲು ಹೊದಿಸಿದರೂ ಸಾಯ್ತೇನಿ ಅಂದಿದ್ದಳು. ಮುದುಕಿ ತನ್ನ ಕೂಸನ್ನು ಕಾಯಲು ನಿರ್ಧಾರ ಮಾಡಿದಳು.

"ಫಾರಿನ್‌ಗೆ ಹೋಗ್ಯಾಳ."

"ಯಾವಾಗ?"

"ಬಾಳ ದಿನ ಆತು. ಕಟ್ಟಿ ಮ್ಯಾಲೆ ಅಷ್ಟುದ್ದ ಬೋರ್ಡ್ ಬರದಾರ, ಓದಾಕ ಬರೂದಿಲ್ಲೇನ? ಇನ್ನ ಈ ಮನಿಗೆ ಯಾರೂ ಬರಬ್ಯಾಡ್ರಿ ಅಂತ ಹೇಳು ನಿಮ್ಮ ಮಂದಿಗೆ."

ಪೇದೆ ಬಸ್‌ಸ್ಟಾಪಿಗೆ ಹೋಗಿ ಬ್ಯಾನರ್ ಓದಿದ. ಅದರ ಫೋಟೊ ತೆಗೆದುಕೊಂಡ. ಅರ್ಜಿದಾರರು ಈ ವಿಳಾಸದಲ್ಲಿ ವಾಸವಿಲ್ಲ, ವಿದೇಶದಲ್ಲಿ ಇರುವುದಾಗಿ ನೆರೆಹೊರೆಯವರಿಂದ ತಿಳಿದುಬಂದಿದೆ ಎಂದು ಬರೆದ. ಬರೆದು ಹೋದ.

ಆ ಹುಡುಗನನ್ನು ಬೈಯುವುದು ಸುಲಭ. ಮರುದಿನ ಇನ್ನೊಮ್ಮೆ ಬಂದಿದ್ದರೆ ಆಗುತ್ತಿತ್ತು, ಸರಿ. ಆದರೆ ಅವನು ಕಂಡದ್ದೇನು? ಕೀಲಿ ಹಾಕಿದ ಮನೆ, ಎತ್ತದ ಫೋನು, ಒಬ್ಬ ಮುದುಕಿ, ಮತ್ತು ಊರ ತುಂಬ ಕಾಣುವಂತೆ ಕಟ್ಟಿದ ಒಂದು ಸುಳ್ಳು. ಆ ಸುಳ್ಳನ್ನು ದಿನಾ ನೋಡಿಕೊಂಡು ಅದರ ಕೆಳಗೆ ಚಹಾ ಕುಡಿದವರು ನಾವು.

ವಾರದ ಮೇಲೆ ಫೋನಿಗೆ ಸಂದೇಶ ಬಂತು, ಪೊಲೀಸ್ ವರದಿ ಪ್ರತಿಕೂಲವಾಗಿದೆ ಎಂದು. ಪ್ರಜ್ಞಾ ಓಡಿ ಠಾಣೆಗೆ ಹೋದಳು. ಸಾಹೇಬರು ತಲೆ ಎತ್ತದೆ ಹೆಸರು ಕೇಳಿದರು. ಹೇಳಿದಳು.

"ಅವರು ಫಾರಿನ್‌ನ್ಯಾಗ ಅದಾರಲ್ಲ."

ಬಗಲಿನಲ್ಲಿ ಕೂತ ಪೇದೆಗಳು ನಕ್ಕರು.

"ನಾ ಇಲ್ಲೇ ಅದೇನ್ರಿ ಸರ್. ಪಾಸ್‌ಪೋರ್ಟ್ ಇಲ್ಲದ ನಾ ಹ್ಯಾಂಗ ಹೋಗ್ಲಿರಿ?"

"ಅದನ್ನ ನಾವೂ ಕೇಳಾಕತ್ತೇವಿ. ಪಾಸ್‌ಪೋರ್ಟ್ ಇಲ್ಲದ ಹೋದಾಕಿ ಪಾಸ್‌ಪೋರ್ಟ್ ಯಾಕ ಕೇಳ್ತಾಳ?"

ಆಮೇಲೆ ಸ್ವಲ್ಪ ಮೆತ್ತಗಾಗಿ, ವರದಿ ಮೇಲೆ ಹೋಗಿ ಆಗಿದೆ, ನಮ್ಮ ಕೈಯಲ್ಲಿಲ್ಲ ಎಂದರು. ಪಾಸ್‌ಪೋರ್ಟ್ ಕಚೇರಿಗೆ ಬರೆದು ಮರುವಿಚಾರಣೆಗೆ ಆದೇಶ ತರಬೇಕು. ಆಗ ಪೇದೆ ಮತ್ತೆ ಬರುತ್ತಾನೆ. ಈ ಸಲ ಊರಿನ ಇಬ್ಬರು ಸಾಕ್ಷಿ ಸಹಿ ಮಾಡಬೇಕು. ಆ ಬ್ಯಾನರ್ ಅಲ್ಲೇ ಇದ್ದರೆ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಅದನ್ನು ಇಳಿಸಿ, ಕಟ್ಟಿಸಿದವರು ಇದು ಖರೆ ಅಲ್ಲ ಎಂದು ಹೇಳಿಕೆ ಕೊಡಲಿ.

ಸೈದಾಬಿಗೆ ಆದದ್ದು ತಿಳಿದಾಗ ಅವಳು ಅಳಲಿಲ್ಲ. ಸೂಜಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಬಸ್ ಹತ್ತಿ ಒಬ್ಬಳೇ ಠಾಣೆಗೆ ಹೋದಳು.

"ಸಾಹೇಬ್ರ, ಅವತ್ತ ನಾ ಸುಳ್ಳ ಹೇಳೇನ್ರಿ."

"ಅಜ್ಜಿ, ಪೊಲೀಸರಿಗೆ ಸುಳ್ಳ ಹೇಳಿದ್ರ ಕೇಸ್ ಆಗತೈತಿ."

"ಆಗಲಿ. ನನ್ನ ಒಳಗ ಹಾಕ್ರಿ, ಆಕೀನ ಹೊರಗ ಬಿಡ್ರಿ."

ಸಾಹೇಬರು ಚಹಾ ತರಿಸಿ ಕೊಟ್ಟರು. ಆದರೆ ಒಮ್ಮೆ ಹೋಗ್ಯಾಳ ಅಂದವಳು ಇನ್ನೊಮ್ಮೆ ಅದಾಳ ಅಂದರೆ ಆ ಸಾಕ್ಷಿ ನಿಲ್ಲುವುದಿಲ್ಲ ಎಂದು ಹೇಳಿ ಕಳಿಸಿದರು. ಅವತ್ತಿನಿಂದ ಕೌದಿ ಅರ್ಧಕ್ಕೇ ನಿಂತಿದೆ.

ಈಗ ಶಂಕ್ರೆಪ್ಪನವರು. ಸತ್ಕಾರದ ದಿನ ಬೆಳಗಾಗುವ ಮೊದಲೇ ಬಾಗಿಲಿಗೆ ಬರುತ್ತಿದ್ದ ಮನುಷ್ಯನಿಗೆ ಈಗ ಫೋನ್ ಎತ್ತಲು ಪುರಸೊತ್ತಿಲ್ಲ. ಅಪ್ಪ ಮಗಳು ಅವರ ಮನೆಯ ಪಡಸಾಲೆಯಲ್ಲಿ ಕಾದು ಕೂತು ಕೊನೆಗೆ ಹಿಡಿದರು. ಕೇಳಿದವಳು ಪ್ರಜ್ಞಾ.

"ಅಣ್ಣಾರ, ಬ್ಯಾನರಿನ್ಯಾಗ ಇದ್ದದ್ದು ಖರೆ ಅಲ್ಲ ಅಂತ ಎರಡ ಸಾಲ ಬರದು ಕೊಡ್ರಿ. ಸಾಕು."

"ಸುಳ್ಳ ಅಂತ ನಾ ಬರದು ಕೊಡಬೇಕಾ? ಚುನಾವಣಿ ಬಾಗಲದಾಗ ಐತಿ. ಎದುರಿನವರ ಕೈಯಾಗ ಆ ಚೀಟಿ ಸಿಕ್ರ ನನ್ನ ಮರ್ಯಾದಿ ಏನಾಗಬೇಕು?"

"ಹಂಗಾರ ನಾ ಏನ್ ಮಾಡ್ಲಿರಿ?"

ಅವರು ಯೋಚನೆ ಮಾಡಿದರು. ನಿಜಕ್ಕೂ ಮಾಡಿದರು. ಆಮೇಲೆ ಹೇಳಿದ ಮಾತು ಇದು, ಒಂದಕ್ಷರ ಬದಲಿಸಿಲ್ಲ:

"ನಿಮ್ಮ ಸ್ವಾದರಮಾವನ ಮನಿ ಸೊಲ್ಲಾಪುರದಾಗ ಐತೆಲ್ಲ. ನಾಕೈದ ತಿಂಗಳ ಅಲ್ಲೆ ಇದ್ದಬಿಡು. ಊರಾಗ ಮಾರಿ ತೋರಸಬ್ಯಾಡ. ಮಂದಿ ಹೋಗಿ ಬಂದಾಳಂತ ತಿಳಕೊಂತಾರ. ಬಂದ ಮ್ಯಾಲೆ ಮತ್ತೊಂದ ಸತ್ಕಾರ ಇಡೂನಂತ."

ಧರ್ಮರಾಜ ಹೊರಗೆ ಬಂದು ರಸ್ತೆಯ ಬದಿಗೆ ಕೂತುಬಿಟ್ಟ. ಮಗಳು ಎಬ್ಬಿಸಿದಳು. ದಾರಿಯಲ್ಲಿ ಅವನು ಮೆಲ್ಲಗೆ, "ಅವರ ಹೇಳೂದರಾಗೂ..." ಎಂದು ಶುರು ಮಾಡಿ, ಮಗಳ ಮುಖ ನೋಡಿ ಅರ್ಧಕ್ಕೇ ಬಿಟ್ಟ. ಊರಿಗೆ ಬಂದವನು ನೇರ ಬಸ್‌ಸ್ಟಾಪಿಗೆ ಹೋಗಿ, ಕಟ್ಟೆ ಹತ್ತಿ, ಬ್ಯಾನರಿನ ಹಗ್ಗಕ್ಕೆ ಕೈ ಹಾಕಿದ. ಕೆಳಗೆ ಕೂತಿದ್ದ ಶಂಕ್ರೆಪ್ಪನವರ ಹುಡುಗರು ಎದ್ದರು.

"ಏ ಧರ್ಮಾ, ಇಳಿ ಕೆಳಗ. ಅಣ್ಣಾರ ಮಾರಿ ಐತಿ ಅದರಾಗ."

"ನನ್ನ ಮಗಳ ಮಾರಿನೂ ಐತಪಾ."

"ನಿನ್ನ ಮಗಳ ಮಾರಿ ಇಷ್ಟ ಐತಿ. ಅಷ್ಟ ಕತ್ತರಿಸಿಕೊಂಡು ಹೋಗು."

ಸುತ್ತ ನಿಂತವರು ನಕ್ಕರು. ಅವರಲ್ಲಿ ಅವನ ಅಂಗಡಿಯಲ್ಲಿ ದಿನಾ ಗಾಳಿ ಹಾಕಿಸಿಕೊಳ್ಳುವವರೂ ಇದ್ದರು. ಅವನು ಇಳಿದ. ಮರುದಿನ ಪಂಚಾಯ್ತಿಯಿಂದ ಒಬ್ಬ ಟೇಪು ಹಿಡಿದು ಬಂದು ರಸ್ತೆಯ ಅಗಲ ಅಳೆದ. ಆ ಸಾಲಿನಲ್ಲಿ ಎಷ್ಟೋ ಅಂಗಡಿಗಳಿವೆ. ಟೇಪು ನಿಂತದ್ದು ಒಂದೇ ಅಂಗಡಿಯ ಮುಂದೆ.

ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಯಿತು. ಟ್ರ್ಯಾಕ್ಟರುಗಳು ಮನೆಯ ಮುಂದೆ ಹಾದು ಹೋದವು. ಪ್ರಜ್ಞಾ ಗೋಡೆಗೆ ಒರಗಿ, ಮಡಿಲಲ್ಲಿ ಫೋನಿಟ್ಟುಕೊಂಡು, ಹಂಗೇರಿಯವರಿಗೆ ಏನು ಬರೆಯುವುದೆಂದು ಯೋಚಿಸುತ್ತಿದ್ದಳು. ನಾನು ನಿಮ್ಮ ದೇಶಕ್ಕೆ ಬಂದಾಗಿದೆ ಎಂದು ನನ್ನ ಊರಿನವರು ಪೊಲೀಸರಿಗೆ ಹೇಳಿದ್ದಾರೆ, ಆದ್ದರಿಂದ ಬರಲಾಗುತ್ತಿಲ್ಲ. ಇದನ್ನು ಯಾವ ಭಾಷೆಯಲ್ಲಿ ಬರೆದರೆ ಅರ್ಥವಾಗುತ್ತದೆ? ಪೊಲೀಸ್ ವರದಿಯಲ್ಲಿ ತಪ್ಪಾಗಿದೆ, ಪಾಸ್‌ಪೋರ್ಟ್ ತಡವಾಗಿದೆ ಎಂದಷ್ಟೇ ಬರೆದಳು. ಹೊತ್ತು ಇಳಿಯುವಾಗ ಉತ್ತರ ಬಂತು. ಫೆಬ್ರುವರಿಯ ಜಾಗ ಬೇರೆಯವರಿಗೆ ಹೋಗಿದೆ. ನಿಮ್ಮ ಹೆಸರನ್ನು ಸೆಪ್ಟೆಂಬರಿನ ತಂಡಕ್ಕೆ ಹಿಡಿದಿಟ್ಟಿದ್ದೇವೆ. ಯುಗಾದಿಯ ಹೊತ್ತಿಗೆ ಬೀಳುವ ಒಂದು ತಾರೀಕು ಕೊಟ್ಟಿದ್ದರು. ಅಷ್ಟರಲ್ಲಿ ಪಾಸ್‌ಪೋರ್ಟ್ ಬಾರದಿದ್ದರೆ, ಕ್ಷಮಿಸಿ.

ನಮ್ಮ ಊರು ಕೇರಿ ಗೊತ್ತಿಲ್ಲದ ಪರದೇಶದವರು ಹೆಸರು ಹಿಡಿದಿಟ್ಟಿದ್ದಾರೆ. ನಾವು?

ನಾವು ಅವಳನ್ನು ರಸ್ತೆಯಲ್ಲಿ ತಡೆದು ಕೇಳುತ್ತಿದ್ದೇವೆ, "ಯಾವಾಗ ಬಂದಿ? ಏನ್ ತಂದಿ?" ಇಲ್ಲ, ಹೋಗೇ ಇಲ್ಲ ಎಂದರೆ ನಂಬುವುದಿಲ್ಲ. ಅಲ್ಲಿ ಓದಲಿಕ್ಕಾಗಲಿಲ್ಲವಂತೆ, ಅವರೇ ಓಡಿಸಿದರಂತೆ ಎಂದು ಬಾವಿಯ ಹತ್ತಿರ ಮಾತು. ಸೀತವ್ವ ಬಡಿಸುವ ಸಾಲಿಯ ಮಾಸ್ತರರೊಬ್ಬರು, "ಛಳಿ ತಡೀಲಿಲ್ಲೇನು ಮಗಳಿಗೆ?" ಎಂದು ಕೇಳಿದರಂತೆ, ಬಹಳ ಕಳಕಳಿಯಿಂದ. ಈಗ ಪ್ರಜ್ಞಾ ಹಗಲು ಹೊರಗೆ ಬರುವುದನ್ನೇ ಕಡಿಮೆ ಮಾಡಿದ್ದಾಳೆ. ಶಂಕ್ರೆಪ್ಪನವರು ಸೊಲ್ಲಾಪುರದಲ್ಲಿ ಅಡಗು ಅಂದಿದ್ದರು. ನಾವೆಲ್ಲ ಕೂಡಿ ಅವಳನ್ನು ಅವಳ ಮನೆಯಲ್ಲೇ ಅಡಗಿಸಿದ್ದೇವೆ. ಹೊದಿಸಿದ ಶಾಲುಗಳನ್ನೆಲ್ಲ ಸೀತವ್ವ ಗಂಟು ಕಟ್ಟಿ ಆ ಗ್ರೀಸ್ ಹಚ್ಚಿದ ಗಾಲಿ ಬ್ಯಾಗಿನೊಳಗೇ ಹಾಕಿಟ್ಟಿದ್ದಾಳೆ. ಬೇರೆ ಜಾಗವಿಲ್ಲ.

ಒಬ್ಬ ಮನುಷ್ಯ ಮಾತ್ರ ಮನುಷ್ಯನಂತೆ ನಡೆದುಕೊಂಡ. ಬಸಿಗಾಲುವೆ ಎಷ್ಟು ಆಳ ತೆಗೆಯಬೇಕು ಎಂದು ಕೇಳಲು ಮಸೂತಿಯ ಪರಶು ಫೋನ್ ಮಾಡಿದ್ದ. ಅಲ್ಲೀಗ ಹೊತ್ತೆಷ್ಟು, ನಿನಗೆ ತೊಂದರೆ ಆತೇನೋ ಎಂದ. ಪ್ರಜ್ಞಾ ಇದ್ದದ್ದನ್ನು ಹೇಳಿದಳು. ಅವನು, "ನಾಳೆ ಸಂತಿಗೆ ಹೋದಾಗ ನೋಡ್ತೇನಿ" ಎಂದು ಫೋನ್ ಇಟ್ಟ. ಮರುದಿನ ಬಾಗೇವಾಡಿಯಲ್ಲಿ, ಸಂತೆಯ ಜನರ ಎದುರಿಗೇ, ಕುಡಗೋಲಿನಿಂದ ಹಗ್ಗ ಕತ್ತರಿಸಿ ಬ್ಯಾನರ್ ಇಳಿಸಿ, ಸುತ್ತಿ, ಚಕ್ಕಡಿಯಲ್ಲಿ ಹಾಕಿಕೊಂಡು ಹೋದ. ಯಾರೋ ತಡೆದು, ಇದು ಅಣ್ಣಾರದು ಎಂದರು. "ಅಣ್ಣಾರು ಬಂದು ಕೇಳಲಿ, ಕೊಡ್ತೇನಿ" ಎಂದ. ಅಣ್ಣಾರು ಹೋಗಿಲ್ಲ. ಅದೀಗ ಅವನ ಹೊಲದ ಜೋಳದ ಕಣಿಕೆಯ ಬಣವಿಗೆ ಹೊದಿಕೆಯಾಗಿದೆ. ಸಂಜೆ ಅವಳಿಗೆ ಫೋನ್ ಮಾಡಿ ಹೇಳಿದ, "ತಂಗಿ, ಬಾಗೇವಾಡಿ ಮಟ್ಟಿಗೆ ನೀ ಈಗ ಫಾರಿನ್‌ನ್ಯಾಗ ಇಲ್ಲ."

ಎಷ್ಟೋ ದಿನಗಳ ಮೇಲೆ ಅವಳು ನಕ್ಕಿದ್ದು ಆಗ. ಆಮೇಲೆ ಅತ್ತಳು, ಸೀತವ್ವ ಹೇಳುತ್ತಾಳೆ, ಬಹಳ ಹೊತ್ತು.

ಮರುವಿಚಾರಣೆಯ ಆದೇಶ ಬಂದಿದೆ. ಅದನ್ನು ತರಲು ಅವಳು ಅಲೆದದ್ದನ್ನು ಬರೆದರೆ ಈ ಪುಟ ಸಾಲದು. ಪೇದೆ ಈ ವಾರ ಮತ್ತೆ ಆ ಊರಿಗೆ ಬರುತ್ತಾನೆ. ಬಸ್ಸಿನಿಂದ ಇಳಿದರೂ ಬೈಕಿನಿಂದ ಇಳಿದರೂ ಅವನ ಕಣ್ಣಿಗೆ ಮೊದಲು ಬೀಳುವುದು ಆ ವಿಮಾನವೇ. ಮನೆಯಲ್ಲಿ ಪ್ರಜ್ಞಾ ಇರುತ್ತಾಳೆ, ಈ ಸಲ ಹೊಸ್ತಿಲು ದಾಟುವುದಿಲ್ಲ. ಅವಳು ಅಲ್ಲಿ ಇದ್ದರಷ್ಟೇ ಸಾಲದು. ಅವಳು ಇಲ್ಲಿಯವಳೇ, ಎಲ್ಲೂ ಹೋಗಿಲ್ಲ ಎಂದು ಊರಿನ ಇಬ್ಬರು ಸಹಿ ಮಾಡಬೇಕು. ಧರ್ಮರಾಜ ಮನೆಮನೆಗೆ ಹೋಗಿ ಬಂದಿದ್ದಾನೆ. ಒಬ್ಬರಿಗೆ ಹೊಲದ ಕೆಲಸ, ಒಬ್ಬರಿಗೆ ಕಣ್ಣು ಮಂಜು, ಒಬ್ಬರು ಅಣ್ಣಾರನ್ನ ಒಂದು ಮಾತು ಕೇಳಿ ಹೇಳ್ತೇನಿ ಎಂದರು. ಸಹಿ ಮಾಡ್ತೇನಿ, ನನ್ನ ಹೆಬ್ಬೆಟ್ಟು ತಗೋರಿ ಎಂದು ಮುಂದೆ ಬರುತ್ತಿರುವುದು ಸೈದಾಬಿ ಒಬ್ಬಳೇ, ಅವಳದು ನಡೆಯುವುದಿಲ್ಲ.

ಆದ್ದರಿಂದ ಇದನ್ನು ಓದುತ್ತಿರುವ ನೀವು. ಅವಳ ಹೆಗಲಿಗೆ ಶಾಲು ಹಾಕಿದವರು, ಹಾಕುವಾಗ ಚಪ್ಪಾಳೆ ತಟ್ಟಿದವರು, ಅವಳ ಜತೆ ಫೋಟೊ ತೆಗೆಸಿಕೊಂಡು ಮಕ್ಕಳಿಗೆ ತೋರಿಸಿದವರು. ಇಂಡಿಯಲ್ಲಿ, ಸಿಂದಗಿಯಲ್ಲಿ, ಮುದ್ದೇಬಿಹಾಳದಲ್ಲಿ ಆ ವಿಮಾನ ಇನ್ನೂ ಹಾರುತ್ತಿದೆ. ಯಾರ ಮಾರಿ ಎಷ್ಟು ದೊಡ್ಡದಿದೆ ಎಂದು ನೋಡಬೇಡಿ, ಹಗ್ಗ ಎಲ್ಲಿದೆ ನೋಡಿ. ಅವಳ ಊರಿನವರೇ ಆಗಿದ್ದರೆ ಬಸ್‌ಸ್ಟಾಪಿನಿಂದ ಆ ಮನೆಗೆ ಕೂಗಳತೆ. ಕುಡಗೋಲು ಹಿಡಿದು ಹೊರಡಿ, ಇವತ್ತೇ ಆ ಬ್ಯಾನರ್ ಇಳಿಸಿ, ಆಮೇಲೆ ಸೀದಾ ಧರ್ಮರಾಜನ ಬಾಗಿಲಿಗೆ ಹೋಗಿ ಕೂಡ್ರಿ. ಪೇದೆ ಬಂದಾಗ ನಿಮ್ಮ ಹೆಸರು ಹೇಳಿ, ಈ ಹುಡುಗಿ ಇಲ್ಲೇ ಇದ್ದಾಳೆ ಎಂದು ಸಹಿ ಮಾಡ್ರಿ.